ನೋಟಿಸ್ ಪುಸ್ತಕದ ಕೆಟಲ್ಲು

ಸಮಾಜ ಪಾಠದ ಮೇಷ್ಟ್ರಿಗೆ ಒಂದು ವಿಚಿತ್ರ ಕಾಯಿಲೆ. ಅವರ ಕಿವಿ ಕೆಲಸ ಮಾಡಬೇಕಾದರೆ ಕೈಯೂ ಕೆಲಸ ಮಾಡುತ್ತಿರಬೇಕು. ಎದುರಿಗೆ ಕೂತವರು ಮಾತಾಡುತ್ತಿದ್ದರೆ ಮೇಷ್ಟ್ರು ತಲೆಯಲ್ಲಾಡಿಸುತ್ತಾ ಕೇಳುತ್ತಿದ್ದರು. ಅದೇ ಹೊತ್ತಿಗೆ ಬಲಗೈ ತನ್ನ ಪಾಡಿಗೆ ತಾನು, ಸಿಕ್ಕಿದ ಕಾಗದದ ಮೇಲೆ ಬೆಕ್ಕು, ಬೀಗ, ಚಪ್ಪಲಿ, ಯಾರದೋ ಮೂಗು, ಏನಾದರೊಂದು ಗೀಚುತ್ತಿತ್ತು. ಪೆನ್ನು ಕಿತ್ತುಕೊಂಡರೆ ಕಿವಿಯೂ ಬಂದ್. ಚಿಕ್ಕಂದಿನಲ್ಲಿ ಇದಕ್ಕಾಗಿ ತಿಂದ ಏಟು ಒಂದೆರಡಲ್ಲ. ಅವರ ತಾಯಿಯೇ ಟೀಚರು. ಮಗ ಓದುತ್ತಿದ್ದದ್ದೂ ಅವರ ಕ್ಲಾಸಿನಲ್ಲೇ. ಒಮ್ಮೆ ಗೀಚಾಟ ಮಿತಿ ಮೀರಿದಾಗ, "ನಿನ್ನ ತಾಯಿಯನ್ನು ಕರೆದುಕೊಂಡು ಬಾ" ಎಂದು ಚೀಟಿ ಬರೆದು ಮಗನ ಕೈಗೆ ಕೊಟ್ಟು, ಸಾಯಂಕಾಲ ಮನೆಯಲ್ಲಿ ಅದೇ ಚೀಟಿಯನ್ನು ಓದಿಕೊಂಡು ಮತ್ತೆ ಬೈದ ಮಹಾತಾಯಿ.

ಈಗ ಮೇಷ್ಟ್ರಿಗೆ ನಲವತ್ತೊಂದು. ತಲೆಗೂದಲು ಹಿಂದಕ್ಕೆ ಸರಿದಿತ್ತು. ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು.

ಆವತ್ತು ಮೊದಲ ಗಂಟೆ ಹೊಡೆಯುವುದಕ್ಕೆ ಮುಂಚೆಯೇ ಹೆಡ್‌ಮೇಡಂ ಅವರನ್ನು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ದಪ್ಪ ರಟ್ಟಿನ ನೋಟಿಸ್ ಪುಸ್ತಕ. ಅದರ ಪಕ್ಕದಲ್ಲಿ ಒಂದು ಬೂದು ಬಣ್ಣದ ಫೈಲು.

"ಈ ಫೈಲಲ್ಲಿ ಏನಿದೆ ಗೊತ್ತಾ?"

"ಇಲ್ಲ ಮೇಡಂ," ಎಂದರು, ಗೊತ್ತಿದ್ದ ಮೇಷ್ಟ್ರು.

"ನಿಮ್ಮ ಕಾಯಂ ಆದೇಶ ಕಣ್ರೀ. ಆರು ವರ್ಷದಿಂದ ಟೆಂಪರರಿ ಟೆಂಪರರಿ ಅಂತ ಮುಖ ಒಣಗಿಸಿಕೊಂಡು ಓಡಾಡ್ತಿದ್ರಲ್ಲ, ಅಂತೂ ಬಂತು. ನನ್ನದೊಂದು ಸಹಿ ಬಾಕಿ. ಸಾಯಂಕಾಲ ನಾಲ್ಕಕ್ಕೆ ಹಾಕಿ ಕಳಿಸಿಬಿಡ್ತೀನಿ. ಅಷ್ಟರೊಳಗೆ ಒಂದು ಕೆಲಸ ಮಾಡಿ. ನಿಮ್ಮ ಅಕ್ಷರ ದುಂಡಗಿದೆ, ಈ ನೋಟಿಸ್ ಬರ್ಕೊಳ್ಳಿ."

ಆರು ವರ್ಷ! ಪ್ರತಿ ವರ್ಷ ಪರೀಕ್ಷೆ ಮುಗಿದ ದಿನ ಕೆಲಸ ಹೋಗುವುದು, ಶಾಲೆ ತೆರೆದ ದಿನ ಮತ್ತೆ ಬರುವುದು. ಮೇಷ್ಟ್ರಿಗೆ ಕಣ್ಣು ಮಂಜಾಯಿತು. ನೋಟಿಸ್ ಇರಲಿ, ಮೇಡಂ ಕೇಳಿದ್ದರೆ ಆಗ ಅವರು ಗೋಡೆಗೆ ಸುಣ್ಣವನ್ನೂ ಹೊಡೆದುಕೊಡುತ್ತಿದ್ದರು.

ಹಿಂದಿನ ದಿನ ಶಾಲೆಗೆ ತಪಾಸಣೆಗೆ ಬಂದಿದ್ದ ಅಧಿಕಾರಿ ಒಬ್ಬ ಹುಡುಗನ ಭೂಗೋಳದ ಪುಸ್ತಕ ಬಿಡಿಸಿದಾಗ ಎಲ್ಲ ಖಂಡಗಳಿಗೂ ಮೀಸೆ ಬಂದಿತ್ತಂತೆ. ಆ ಅವಮಾನದ ಬಿಸಿ ಮೇಡಮ್ಮಿಗೆ ಇನ್ನೂ ಆರಿರಲಿಲ್ಲ. ಎದ್ದು ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯ ಬೆರಳನ್ನು ಮೇಲಕ್ಕೆತ್ತಿ ಹೇಳತೊಡಗಿದರು. ಅವರು ಗಿಡ್ಡ, ಗುಂಡಗೆ. ನೆತ್ತಿಯ ಮೇಲೊಂದು ಗಂಟು, ಗಂಟಿಗೆ ಸದಾ ಸಿಕ್ಕಿಸಿಕೊಂಡ ಕೆಂಪು ಪೆನ್ಸಿಲ್ಲು. ಸಿಟ್ಟು ಬಂದರೆ ಮೂಗಿನಿಂದ ಬುಸ್ ಎಂದು ಗಾಳಿ ಬರುತ್ತಿತ್ತು.

"ಬರೀರಿ. ಪಾಠ ನಡೆಯುತ್ತಿರುವಾಗ ಪುಸ್ತಕ, ಬೆಂಚು, ಗೋಡೆ, ಅಂಗೈ ಮುಂತಾದವುಗಳ ಮೇಲೆ ಚಿತ್ರ ಗೀಚುವುದನ್ನು ಇಂದಿನಿಂದ ನಿಷೇಧಿಸಲಾಗಿದೆ. ಗೀಚಿದ ವಿದ್ಯಾರ್ಥಿಯು ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ತಂದೆಯನ್ನಾಗಲಿ ತಾಯಿಯನ್ನಾಗಲಿ ಕರೆತರತಕ್ಕದ್ದು..."

ಕಾಯಂ ಆಗುವ ಹುಮ್ಮಸ್ಸಿನಲ್ಲಿ ಮೇಷ್ಟ್ರು ಬಾಯಿ ಹಾಕಿದರು. "'ವಿದ್ಯಾರ್ಥಿಯು' ಅಂದ್ರೆ ಯಾಕೋ ಸಪ್ಪೆ ಅನ್ಸುತ್ತೆ ಮೇಡಂ. 'ಗೀಚಿದವರು ಯಾರೇ ಆಗಿರಲಿ' ಅಂತ ಹಾಕಿದ್ರೆ ಖಡಕ್ಕಾಗಿರುತ್ತೆ."

"ಭೇಷ್! ಹಾಗೇ ಹಾಕಿ. ಮುಂದೆ ಬರೀರಿ. ಪೋಷಕರು ಬಂದು ಹೋಗುವವರೆಗೆ ಗೀಚಿದವರಿಗೆ ಶಾಲೆಯಿಂದ ಸಲ್ಲಬೇಕಾದ ಯಾವ ಕಾಗದಪತ್ರವನ್ನೂ ಕೊಡತಕ್ಕದ್ದಲ್ಲ."

ಅಷ್ಟಕ್ಕೆ ಪುಟ ತುಂಬಿತು. ಟೀಚರುಗಳ ಸಹಿಗೆ ಜಾಗ ಬೇಕಲ್ಲ ಎಂದು ಮೇಷ್ಟ್ರು ಹಾಳೆ ಮಗುಚಿ ಖಾಲಿ ಪುಟ ತೆರೆದಿಟ್ಟರು. ಮೇಡಂ ಮಾತ್ರ ನಿಲ್ಲಿಸಲಿಲ್ಲ. ಗೀಚುವ ಮಕ್ಕಳ ಭವಿಷ್ಯ, ಅವರನ್ನು ಹೆತ್ತವರ ಹಣೆಬರಹ ಎಂದು ಹತ್ತು ನಿಮಿಷ ಉಪದೇಶ ನಡೆಯಿತು. ಮೇಷ್ಟ್ರು ಒಂದಕ್ಷರ ಬಿಡದೆ ಕೇಳಿದರು. ಅಷ್ಟು ಗಮನ ಕೊಟ್ಟು ಅವರು ಜನ್ಮದಲ್ಲಿ ಏನನ್ನೂ ಕೇಳಿರಲಿಲ್ಲ.

ಗಂಟೆ ಹೊಡೆಯಿತು. ಮೇಷ್ಟ್ರು ಪುಸ್ತಕ ಮುಚ್ಚಿ ಜವಾನನ ಕೈಗಿತ್ತರು.

ಆ ಶಾಲೆಯ ಪದ್ಧತಿ ಹೀಗೆ: ಜವಾನ ನೋಟಿಸ್ ಪುಸ್ತಕ ಹೊತ್ತು ಕೋಣೆಯಿಂದ ಕೋಣೆಗೆ ಹೋಗಬೇಕು. ಪಾಠ ಮಾಡುತ್ತಿರುವವರು ಅದನ್ನು ಗಟ್ಟಿಯಾಗಿ ಓದಿ ಹೇಳಿ ಸಹಿ ಹಾಕಬೇಕು. ಎಲ್ಲರದೂ ಆದ ಮೇಲೆ ಪುಸ್ತಕ ವಾಪಸ್ಸು ಹೆಡ್‌ಮೇಡಮ್ಮಿನ ಮೇಜಿಗೆ. "ನೀವೇ ಬರೆದವರು, ನಿಮ್ಮ ಸಹಿ ಬೇಡ," ಎಂದು ಮೇಡಂ ಸಮಾಜ ಮೇಷ್ಟ್ರನ್ನು ಬಿಟ್ಟಿದ್ದರು. ಉಳಿದವರು ಹದಿಮೂರು ಜನ. ಜವಾನನಿಗೆ ಹುಡುಗರು ಎಕ್ಸ್‌ಪ್ರೆಸ್ಸಣ್ಣ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಹತ್ತಕ್ಕೆ ಹೊರಟ ಪುಸ್ತಕವನ್ನು ಅವನು ಸಂಜೆ ನಾಲ್ಕಕ್ಕೆ ಮುಟ್ಟಿಸುತ್ತಿದ್ದ. ಅದೂ ದಾರಿಯಲ್ಲಿ ಯಾರೂ ಮಾತಾಡಿಸದಿದ್ದರೆ.

ಎರಡನೇ ಪೀರಿಯಡ್ಡು ಏಳನೇ ಕ್ಲಾಸಿನ ಬಿ ವಿಭಾಗ. ಮೂರನೇ ಬೆಂಚಿನಲ್ಲಿ ಪಾತ್ರೆ ಅಂಗಡಿಯವರ ಮಗಳು ಕೂತಿದ್ದಳು. ಹುಟ್ಟಿದಾಗಿನಿಂದ ಅಂಗಡಿಯಲ್ಲೇ ಬೆಳೆದ ಹುಡುಗಿ. ಅವಳ ಪುಸ್ತಕದ ಅಂಚಿನ ತುಂಬ ಚೊಂಬು, ಕೊಡ, ಸೌಟು, ಜಗ್ಗು. ಟೀಚರುಗಳೆಲ್ಲ ತಮತಮಗೆ ತೋಚಿದ ಮದ್ದು ಮಾಡಿ ನೋಡಿದ್ದರು. ಭಾಷೆಯ ಮೇಡಂ ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿಂದ ಹುಡುಗಿಗೆ ಪಕ್ಕದ ಹೋಟೆಲಿನ ಹಂಡೆ ಕಂಡಿತು, ಇಳಿದ ಮೇಲೆ ಅದನ್ನೂ ಬರೆದಳು. ವಿಜ್ಞಾನದ ಮೇಷ್ಟ್ರು ಹಾಳೆ ಹರಿದರು. ಗಣಿತದ ಮೇಷ್ಟ್ರು, "ಬರೆದೆಯಲ್ಲ, ಈ ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತೆ ಲೆಕ್ಕ ಮಾಡು," ಎಂದು ಕೂರಿಸಿದರು. ಸಮಾಜ ಮೇಷ್ಟ್ರು ಮಾತ್ರ ಅವಳ ಬೆಂಚಿನ ಹತ್ತಿರ ಬಂದಾಗಲೆಲ್ಲ ಕಿಟಕಿಯಾಚೆ ನೋಡುತ್ತಿದ್ದರು.

ಆದರೆ ಇವತ್ತು ನೋಟಿಸ್ ಬರೆದ ಕೈ ಅವರದೇ. ಪಾಠ ನಿಲ್ಲಿಸಿ ಹತ್ತಿರ ಹೋದರು.

"ಏನಮ್ಮ ಇದು?"

"ಕೆಟಲ್ ಸರ್," ಎಂದಳು ಹುಡುಗಿ ಎದ್ದು ನಿಂತು. "ಆದ್ರೆ ಪಾಠಾನೂ ಕೇಳಿಸ್ಕೋತಿದ್ದೆ ಸರ್. ನದಿ ಬೆಟ್ಟದಲ್ಲಿ ಜೋರಾಗಿ ಓಡುತ್ತೆ, ಬಯಲಿಗೆ ಬಂದ ಮೇಲೆ ಸುಸ್ತಾಗಿ ಮಣ್ಣು ಕೆಳಗಿಡುತ್ತೆ ಅಂದ್ರಿ. ಆಮೇಲೆ ಕೆಮ್ಮಿದ್ರಿ."

ಮೇಷ್ಟ್ರು ಅವಳ ಮಾತು ಕೇಳಲೇ ಇಲ್ಲ. ಅವರ ಕಣ್ಣು ಚಿತ್ರಕ್ಕೆ ಅಂಟಿಕೊಂಡಿತ್ತು. ಗುಂಡನೆಯ ಹೊಟ್ಟೆ, ಬಾಗಿದ ಹಿಡಿಕೆ, ಮೇಲೆದ್ದ ಮೂತಿ... ಬಲಗೈ ಬೆರಳುಗಳು ತಾವಾಗಿಯೇ ಜುಂ ಎಂದವು. ಈ ಗೆರೆಗಳನ್ನು ಈ ಬೆರಳುಗಳು ಇವತ್ತೇ ಎಲ್ಲೋ ಎಳೆದಿವೆ.

ಎಲ್ಲಿ?

ನೋಟಿಸ್ ಪುಸ್ತಕದ ಖಾಲಿ ಪುಟದ ನೆತ್ತಿಯಲ್ಲಿ!

ಬರೀ ಕೆಟಲ್ಲಾಗಿದ್ದರೆ ಪರವಾಗಿರಲಿಲ್ಲ. ಸೊಂಟದ ಮೇಲಿಟ್ಟ ಕೈಯೇ ಹಿಡಿಕೆ. ಎತ್ತಿದ ಬೆರಳೇ ಮೂತಿ. ಮುಚ್ಚಳದ ಮೇಲೆ ಗಂಟು, ಗಂಟಿನಲ್ಲಿ ಪೆನ್ಸಿಲ್ಲು. ಮೂತಿಯಿಂದ ಬುಸ್ ಎಂದು ಹಬೆ. ಆಕಾರ ಕೆಟಲ್ಲಿನದಾದರೂ ಗತ್ತೆಲ್ಲ ಹೆಡ್‌ಮೇಡಮ್ಮಿನದೇ.

"ಸರ್, ನಾನು ಬೆಂಚ್ ಹತ್ತಲಾ?" ಎಂದಳು ಹುಡುಗಿ.

"ಬೇಡ. ಕೂತ್ಕೊಂಡು ಎಲ್ಲರನ್ನೂ ನೋಡ್ಕೋ. ಈಗ ಬಂದೆ," ಎಂದು ಮೇಷ್ಟ್ರು ಬಾಗಿಲು ದಾಟಿ ಓಡಿದರು.

ಎಕ್ಸ್‌ಪ್ರೆಸ್ಸಣ್ಣ ಎರಡನೇ ಕೋಣೆಯಲ್ಲೇ ಸಿಗುತ್ತಾನೆ ಎಂದುಕೊಂಡಿದ್ದರು. ಇವತ್ತು ಅವನ ಕಾಲಿಗೆ ಚಕ್ರ ಬಂದಿತ್ತು. ಪ್ರತಿ ಕೋಣೆಯಲ್ಲೂ ಟೀಚರು ಹಾಳೆ ಮಗುಚಿ ಕಣ್ಣರಳಿಸುವುದನ್ನು ನೋಡುವ ಖುಷಿಗೆ, ಒಂದು ಕೋಣೆಯಲ್ಲಿ ಸಹಿಯ ಶಾಯಿ ಆರುವ ಮುಂಚೆ ಇನ್ನೊಂದರ ಬಾಗಿಲಲ್ಲಿರುತ್ತಿದ್ದ.

ಗಣಿತದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿಕೊಂಡೇ ಹೇಳಿದರು. "ಪುಸ್ತಕಾನಾ? ಆಗಲೇ ಹೋಯ್ತು. ಅದ್ಯಾರೋ ಕೆಟಲ್ ಬರೆದಿದ್ದಾರೆ ನೋಡಿ, ಮೂತಿ ಇಪ್ಪತ್ತು ಡಿಗ್ರಿ ಜಾಸ್ತಿ ಎತ್ತಿದ್ದಾರೆ. ಅದರಲ್ಲಿ ಟೀ ಬಗ್ಗಿಸಬೇಕಾದ್ರೆ ಕೆಟಲ್ ತಲೆಕೆಳಗಾಗಬೇಕು."

"ಯಾರು ಬರೆದಿರಬಹುದು ಸಾರ್?"

"ಇನ್ಯಾರು, ಪಾತ್ರೆ ಅಂಗಡಿ ಹುಡುಗಿ. ಬೆಳಿಗ್ಗೆ ಸೀಮೆಸುಣ್ಣ ತರೋಕೆ ಆಫೀಸಿಗೆ ಹೋಗಿದ್ಲಲ್ಲ."

ಆ ಮಾತು ಮುಗಿಯುವ ಮೊದಲೇ ಮೇಷ್ಟ್ರು ಮುಂದಿನ ಕೋಣೆಗೆ ಓಡಿದರು.

ಇಂಟರ್‌ವಲ್ಲಿನಲ್ಲಿ ಸ್ಟಾಫ್ ರೂಮಿಗೆ ಕಾಲಿಟ್ಟರೆ ಅಲ್ಲಿ ಕುರುಕ್ಷೇತ್ರ. ಭಾಷೆಯ ಮೇಡಂ ಮೂಗಿನ ತುದಿ ಕೆಂಪು ಮಾಡಿಕೊಂಡು ಕೂತಿದ್ದರು.

"ನಾನು ದಪ್ಪಗಿದ್ದೀನಿ ಅಂತ ತಾನೇ? ಹೇಳಿ! ನನ್ನನ್ನೇ ಬರೆದಿರೋದು ಅದು. ಮೊನ್ನೆ ಅವಳನ್ನ ಬೆಂಚ್ ಮೇಲೆ ನಿಲ್ಲಿಸಿದ್ದಕ್ಕೆ ಸೇಡು."

"ಛೆ ಛೆ, ನೀವಲ್ಲ ಮೇಡಂ," ಎಂದರು ಸಮಾಜ ಮೇಷ್ಟ್ರು ಗಾಬರಿಯಲ್ಲಿ.

"ನಾನಲ್ದೆ ಮತ್ಯಾರು? ನಿಮಗೆ ಹೇಗೆ ಗೊತ್ತು?"

ಮೇಷ್ಟ್ರು ಟೀ ಬಗ್ಗಿಸಿಕೊಳ್ಳಲು ಹೋದರು. ಸ್ಟಾಫ್ ರೂಮಿನ ಕೆಟಲ್ಲಿಗೆ ತಳದಲ್ಲಿ ತೂತು. ಮುಚ್ಚಳದ ಹಿಡಿ ಕಳಚಿಬಿದ್ದು, ಆ ಜಾಗಕ್ಕೆ ವಿಜ್ಞಾನದ ಮೇಷ್ಟ್ರು ಪೆನ್ಸಿಲ್ ತುಂಡು ತುರುಕಿ ಎರಡು ವರ್ಷವಾಗಿತ್ತು. ಲೋಟಕ್ಕೆ ಅರ್ಧ ಬಿತ್ತು. ಉಳಿದರ್ಧ ಮೇಷ್ಟ್ರ ಪ್ಯಾಂಟಿನ ಮೇಲೆ, ಬೀಳಬಾರದ ಜಾಗದಲ್ಲಿ ಬಿತ್ತು.

ಡ್ರಿಲ್ ಮೇಷ್ಟ್ರು ಅಷ್ಟೊತ್ತಿಗೆ ಒಳಗೆ ಬಂದರು. ಮೈದಾನದ ಆ ತುದಿಗೆ ಕೇಳುವ ಗಂಟಲು ಅವರದು, ಪಿಸುಮಾತೂ ಅದೇ ಅಳತೆಯಲ್ಲಿ.

"ಅದು ನೀವಲ್ಲ ಬಿಡಿ ಮೇಡಂ. ತಲೇಲಿ ಪೆನ್ಸಿಲ್ ನೋಡ್ಲಿಲ್ವಾ? ಹೆಡ್‌ಮೇಡಮ್ಮು! ಹ್ಹಾ ಹ್ಹಾ! ಬರೆದೋರು ಯಾರೇ ಇರಲಿ, ಗಂಡೆದೆ ಕಣ್ರೀ. ಕೈಗೆ ಸಿಕ್ಕಿದ್ರೆ ಹೆಗಲ ಮೇಲೆ ಹೊತ್ಕೊಂಡು ಮೈದಾನ ಸುತ್ತಿಸ್ತೀನಿ."

ಸಮಾಜ ಮೇಷ್ಟ್ರಿಗೆ ಒಂದು ಕ್ಷಣ ಆ ಹೆಗಲ ಮೇಲೆ ಆಸೆಯಾಯಿತು. ಆದರೆ ಬೂದು ಬಣ್ಣದ ಫೈಲು ಕಣ್ಣ ಮುಂದೆ ಬಂತು.

"ಮೇಡಂ ನೋಡಿದ್ರೆ ಏನಾಗುತ್ತೆ?" ಎಂದರು ಮೆತ್ತಗೆ.

"ಆ ಹುಡುಗಿ ಕತೆ ಮುಗೀತು, ಇನ್ನೇನಾಗುತ್ತೆ!" ಎಂದರು ಭಾಷೆಯ ಮೇಡಂ.

ಮಧ್ಯಾಹ್ನವೆಲ್ಲ ಮೇಷ್ಟ್ರು ಒಂದು ಕೈಯಲ್ಲಿ ಭೂಪಟ ಹಿಡಿದು ಪ್ಯಾಂಟಿನ ಕಲೆ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಎದೆ ಹಿಡಿದುಕೊಂಡು ಕಾರಿಡಾರುಗಳಲ್ಲಿ ಅಲೆದರು. ಅವರು ಮಹಡಿ ಹತ್ತಿದರೆ ಎಕ್ಸ್‌ಪ್ರೆಸ್ಸಣ್ಣ ಇಳಿದಿರುತ್ತಿದ್ದ. ಇಳಿದರೆ ಲ್ಯಾಬಿನ ಹಿಂಬಾಗಿಲಿಂದ ಹೋಗಿರುತ್ತಿದ್ದ. ಸಹಿ ಮುಗಿದರೂ 'ಇನ್ನೊಂದು ಸಲ ತೋರಿಸು' ಎಂದವರಿಗೆಲ್ಲ ತೋರಿಸುತ್ತಾ ಸುತ್ತಿದವನು ಕೊನೆಗೂ ಸಿಕ್ಕಿದ್ದು ಮೂರೂವರೆಗೆ, ಹೆಡ್‌ಮೇಡಮ್ಮಿನ ಆಫೀಸಿನ ಬಾಗಿಲಲ್ಲಿ, ಪುಸ್ತಕ ಕಂಕುಳಲ್ಲಿ.

"ಎಕ್ಸ್‌ಪ್ರೆಸ್ಸಣ್ಣಾ, ಒಂದೇ ನಿಮಿಷ ಕೊಡಪ್ಪಾ."

"ಆಗಲ್ಲ ಸಾರ್. ಎಲ್ಲರ ಸಹಿ ಆದ ಮೇಲೆ ಸೀದಾ ಮೇಡಂ ಕೈಗೆ ಅಂತ ಆರ್ಡರು."

"ನಾನು ಸಹಿ ಹಾಕಿಲ್ಲ ಕಣಯ್ಯ."

"ನಿಮ್ಮದು ಬೇಡ ಅಂದವ್ರೆ."

"ಒಂದು ಕಾಗುಣಿತ ತಿದ್ದಬೇಕು!"

"ಅಚ್ಚುಕಟ್ಟಾಗೈತೆ ಸಾರ್, ಹದಿಮೂರು ಜನ ಓದಿದ್ದು ನಾನೇ ಕೇಳಿಸ್ಕೊಂಡಿವ್ನಿ."

ಮೇಷ್ಟ್ರು ಪುಸ್ತಕದ ಒಂದು ಮೂಲೆ ಹಿಡಿದರು. ಜವಾನ ಇನ್ನೊಂದು ಮೂಲೆ ಬಿಡಲಿಲ್ಲ. ಭೂಪಟ ಕೆಳಗೆ ಬಿತ್ತು, ಕಲೆ ಬಯಲಾಯಿತು. ಅಷ್ಟರಲ್ಲಿ ಒಳಗಿನಿಂದ, "ಏನ್ರೀ ಅದು ಗಲಾಟೆ? ತಗೊಂಬಾರಯ್ಯ ಇಲ್ಲಿ," ಎಂದು ದನಿ ಬಂತು. ಪುಸ್ತಕ ಒಳಗೆ ಹೋಯಿತು. ಬಾಗಿಲು ಮುಚ್ಚಿತು.

ಐದು ನಿಮಿಷ ಕಳೆದು ಎಕ್ಸ್‌ಪ್ರೆಸ್ಸಣ್ಣ ಹೊರಗೆ ಬಂದ. ಅವನ ಮುಖದ ನಗು ಮಾಯವಾಗಿತ್ತು.

"ನೋಡಿದ್ರಾ?" ಎಂದರು ಮೇಷ್ಟ್ರು.

"ನೋಡಿದ್ರು ಸಾರ್. ತುಂಬ ಹೊತ್ತು ನೋಡಿದ್ರು. ಏನೂ ಅನ್ನಲಿಲ್ಲ. ಆ ಪಾತ್ರೆ ಅಂಗಡಿಯೋರ ಮಗಳನ್ನ ಕರ್ಕೊಂಬಾ ಅಂದ್ರು. ಅವರಪ್ಪನ ಫೋನ್ ನಂಬರೂ ಹುಡುಕ್ತಾವ್ರೆ."

ಮುಗಿಯಿತು. ಮೇಷ್ಟ್ರು ಕಂಬಕ್ಕೆ ಒರಗಿದರು.

ಸ್ವಲ್ಪ ಹೊತ್ತಿನಲ್ಲಿ ಹುಡುಗಿ ಬಂದಳು. ಚೀಲ ಬೆನ್ನಿಗೆ ಹಾಕಿಕೊಂಡಿದ್ದಳು, ಒಮ್ಮೆಲೇ ಮನೆಗೆ ಕಳಿಸುತ್ತಾರೆ ಎಂದುಕೊಂಡಿರಬೇಕು. ಮೇಷ್ಟ್ರ ಮುಖ ನೋಡಿ, "ಇವತ್ತು ನಾನು ಕೆಟಲ್ ಒಂದೇ ಬರೆದಿದ್ದು ಸರ್," ಎಂದು ಪಿಸುಗುಟ್ಟಿ ಒಳಗೆ ಹೋದಳು.

ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಹತ್ತೇ ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಜೀವನಪೂರ್ತಿ ಕಾಯಂ. ಹುಡುಗಿಗೆ ಏನು, ನಾಲ್ಕು ಬೈಗುಳ, ಅವಳಿಗೆ ಹೊಸದಲ್ಲ. ಹೀಗೆ ಯೋಚಿಸುತ್ತಾ ಮೇಷ್ಟ್ರು ನಾಲ್ಕು ಹೆಜ್ಜೆ ಸ್ಟಾಫ್ ರೂಮಿನ ಕಡೆಗೇ ಇಟ್ಟರು. ಐದನೆಯದಕ್ಕೆ ಕಾಲು ಬರಲಿಲ್ಲ. ಹತ್ತು ವರ್ಷದ ಹುಡುಗನೊಬ್ಬ ಕೈಯಲ್ಲಿ ಚೀಟಿ ಹಿಡಿದು, ಅಮ್ಮನಿಂದ ಅಮ್ಮನಿಗೆ ಹೋಗುತ್ತಿದ್ದದ್ದು ನೆನಪಾಯಿತು. ತಿರುಗಿದವರೇ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು.

ಹೆಡ್‌ಮೇಡಂ ಕೈಯಲ್ಲಿ ಪೆನ್ನು. ಮುಂದೆ ಬೂದು ಬಣ್ಣದ ಫೈಲು ತೆರೆದಿತ್ತು. ಪಕ್ಕದಲ್ಲಿ ನೋಟಿಸ್ ಪುಸ್ತಕವೂ ತೆರೆದಿತ್ತು. ಹುಡುಗಿ ಮೇಜಿನ ಮುಂದೆ ನಿಂತಿದ್ದಳು.

"ಬನ್ನಿ ಬನ್ನಿ, ನಿಮ್ಮದಕ್ಕೇ ಸಹಿ ಹಾಕ್ತಿದ್ದೆ..."

"ಮೇಡಂ, ಅವಳದೇನೂ ತಪ್ಪಿಲ್ಲ! ಅದನ್ನ ಬರೆದದ್ದು ನಾನು!"

ಪೆನ್ನು ಗಾಳಿಯಲ್ಲೇ ನಿಂತಿತು. "ನೀವಾ?"

"ನಾನೇ. ಬೇಕಂತ ಬರೆದಿದ್ದಲ್ಲ ಮೇಡಂ. ನನ್ನ ಕಿವಿ ಕೇಳಬೇಕಾದ್ರೆ ಕೈ ಗೀಚಬೇಕು. ನೀವು ಹೇಳಿದ್ದೆಲ್ಲ ಒಪ್ಪಿಸ್ತೀನಿ ಬೇಕಾದ್ರೆ, ಗೀಚುವ ಮಕ್ಕಳು ದೊಡ್ಡವರಾದ್ರೆ ಗೋಡೆಗೂ ಭಾರ ಅಂದ್ರಿ. ಈ ಹುಡುಗೀನೂ ಹಾಗೇ ಮೇಡಂ. ಬರೀತಾ ಬರೀತಾನೇ ಕೇಳೋದು. ನನ್ನ ಪಾಠ ಇಡೀ ಕ್ಲಾಸಲ್ಲಿ ಇವಳೊಬ್ಬಳಿಗೇ ಬಾಯಿಗೆ ಬರುತ್ತೆ. ನಿಮ್ಮ ಮೇಲೆ ನನಗೆ ಗೌರವ ಇಲ್ಲ ಅಂತಲ್ಲ. ಹೊಟ್ಟೆ ಸ್ವಲ್ಪ ಜಾಸ್ತಿ ಗುಂಡಗೆ ಬಂತು, ಒಪ್ಕೋತೀನಿ. ಆ ಹಿಡಿಕೆ ಸೊಂಟದ ಮೇಲಿಟ್ಟ ನಿಮ್ಮ ಕೈ. ಮೂತಿ ನಿಮ್ಮ ಬೆರಳು. ಹಬೆ ಮಾತ್ರ ನಾನೇ ಸೇರಿಸಿದ್ದು..."

ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಹೆಡ್‌ಮೇಡಂ ಪುಸ್ತಕದ ಕಡೆ ಬಗ್ಗಿದರು. ಚಿತ್ರ ನೋಡಿದರು. ತಮ್ಮ ಎಡಗೈ ನೋಡಿಕೊಂಡರು. ಅದು ಸೊಂಟದ ಮೇಲಿತ್ತು. ನಿಧಾನವಾಗಿ ಬಲಗೈ ನೆತ್ತಿಗೆ ಹೋಗಿ ಪೆನ್ಸಿಲ್ ಮುಟ್ಟಿ ನೋಡಿತು.

"ಇದು... ನಾನಾ?"

ಸೊಂಟದ ಮೇಲಿನ ಕೈಯನ್ನು ಮೇಡಂ ಕೆಳಗಿಳಿಸಿದರು.

"ನಾನೇನು ಅಂದ್ಕೊಂಡೆ ಗೊತ್ತೇನ್ರೀ?" ಎಂದರು ಮೇಡಂ, ಒಂದೊಂದೇ ಮಾತು ತೂಗಿ. "ಮಗುಚಿದ ಹಾಳೆ. ಮೇಲೆ ಮುಚ್ಚಳಕ್ಕೆ ಪೆನ್ಸಿಲ್ ತುರುಕಿರೋ ಒಂದು ಕೆಟಲ್ಲು. ಕೆಳಗೆ ಹದಿಮೂರು ಜನರ ಸಹಿ. ನೋಟಿಸಿನ ಸಹಿ ಜೊತೆಗೇ, ಸ್ಟಾಫ್ ರೂಮಿಗೆ ಹೊಸ ಕೆಟಲ್ ಬೇಕು ಅಂತ ಎಲ್ಲರೂ ಸೇರಿ ಅರ್ಜಿ ಕೊಟ್ಟಿದ್ದೀರಿ ಅಂದ್ಕೊಂಡೆ. ಬಾಯಲ್ಲಿ ಕೇಳೋಕೆ ಹೆದರಿ ಚಿತ್ರ ಬರೆದು ಕೇಳಿದ್ದಾರಲ್ಲ, ಪಾಪ, ಅನ್ನಿಸ್ತು. ನಿಮ್ಮ ಸಹಿ ಒಂದೇ ಇರಲಿಲ್ಲ. ನೋಟಿಸಿಗೆ ಬೇಡ ಅಂದವಳು ನಾನೇ, ಆದ್ರೆ ಅರ್ಜಿಗಾದ್ರೂ ಹಾಕಬಹುದಿತ್ತಲ್ಲ. ಸಂಕೋಚದ ಮನುಷ್ಯ, ಕಾಯಂ ಆಗೋ ದಿನ ಇನ್ನೊಂದು ಕೇಳಬಾರದು ಅಂತ ಸುಮ್ಮನಿದ್ದೀರಿ ಅಂತ ನನಗೆ ಇನ್ನೂ ಕರುಳು ಚುರ್ ಅಂತು. ಕೆಟಲ್ ಮಂಜೂರು ಮಾಡಿ, ಇವರಪ್ಪನ ಅಂಗಡೀಲಿ ಹದಿನೈದು ಲೋಟ ಹಿಡಿಯೋದು ಸಿಗುತ್ತಾ ಅಂತ ಕೇಳೋಕೆ ಇವಳನ್ನ ಕರೆಸಿದೆ."

"ಸಿಗುತ್ತೆ ಮೇಡಂ," ಎಂದಳು ಹುಡುಗಿ ಸಹಾಯ ಮಾಡುವ ಉದ್ದೇಶದಿಂದ. "ಮೂರು ಥರ ಇದೆ. ಒಂದು ಗುಂಡಗೇ ಇದೆ."

ಹೆಡ್‌ಮೇಡಂ ಪೆನ್ನಿಗೆ ಕ್ಯಾಪು ಹಾಕಿದರು. ಆ 'ಟಕ್' ಶಬ್ದ ಮೇಷ್ಟ್ರಿಗೆ ಆರು ವರ್ಷದ ಆಚೆಯಿಂದ ಕೇಳಿದಂತಾಯಿತು. ಮೇಡಂ ಒಂದು ಹಾಳೆ ಹಿಂದಕ್ಕೆ ಮಗುಚಿ ಪುಸ್ತಕವನ್ನು ಮೇಷ್ಟ್ರ ಕಡೆ ತಿರುಗಿಸಿದರು.

"ಓದಿ. ನಿಮ್ಮದೇ ದುಂಡಕ್ಷರ."

ಮೇಷ್ಟ್ರು ಓದಿದರು. "ಗೀಚಿದವರು... ಯಾರೇ ಆಗಿರಲಿ..."

"ಖಡಕ್ಕಾಗಿದೆ ಅಲ್ವಾ?" ಎಂದರು ಮೇಡಂ. ಮೂಗಿನಿಂದ ಬುಸ್ ಎಂದು ಗಾಳಿ ಬಂತು. "ನಾಳೆ ಬೆಳಿಗ್ಗೆ ಹತ್ತು ಗಂಟೆ. ತಂದೆಯನ್ನಾಗಲಿ ತಾಯಿಯನ್ನಾಗಲಿ. ಅಲ್ಲೀವರೆಗೂ ಯಾವ ಕಾಗದಾನೂ ಇಲ್ಲ. ಆಮೇಲೂ ಉಂಟೋ ಇಲ್ಲವೋ, ನೋಡೋಣ."

ಬೂದು ಫೈಲು ಡ್ರಾಯರಿನೊಳಗೆ ಹೋಯಿತು. ಹಿಂದೆಯೇ ಕೆಟಲ್ಲಿನ ಮಂಜೂರಾತಿ ಚೀಟಿ ಎರಡು ತುಂಡಾಗಿ ಬುಟ್ಟಿಗೆ ಬಿತ್ತು.

ಹೊರಗೆ ಬಂದ ಮೇಲೆ ಹುಡುಗಿ ಸ್ವಲ್ಪ ದೂರ ಮೇಷ್ಟ್ರ ಜೊತೆಗೇ ನಡೆದಳು. ಏನಾದರೂ ಸಮಾಧಾನ ಹೇಳಬೇಕು ಎಂದು ಅವಳಿಗೂ ಅನ್ನಿಸಿರಬೇಕು.

"ಸರ್, ನಾನಂತೂ ಯಾವಾಗಲೂ ಪೆನ್ಸಿಲ್ಲಲ್ಲೇ ಬರೆಯೋದು," ಎಂದಳು. "ಅಳಿಸಬಹುದು."

ಸ್ಟಾಫ್ ರೂಮಿಗೆ ಸುದ್ದಿ ಮೇಷ್ಟ್ರಿಗಿಂತ ಮೊದಲೇ ತಲುಪಿತ್ತು. ಎಕ್ಸ್‌ಪ್ರೆಸ್ಸಣ್ಣನ ವೇಗ ಇನ್ನೂ ಇಳಿದಿರಲಿಲ್ಲ.

"ಎರಡು ವರ್ಷದಿಂದ ಗೋಗರೆದ್ರೂ ಸಿಗದ ಕೆಟಲ್ ಕಣ್ರೀ!" ಎಂದು ಭಾಷೆಯ ಮೇಡಂ ಹಣೆ ಚಚ್ಚಿಕೊಂಡರು. "ಸಿಕ್ಕೇ ಬಿಟ್ಟಿತ್ತು! ಹತ್ತು ನಿಮಿಷ ಬಾಯಿ ಮುಚ್ಕೊಂಡಿರೋಕೆ ನಿಮಗೇನಾಗಿತ್ತು ಧಾಡಿ?"

"ನಮ್ಮೆಲ್ಲರ ಸಹಿ ಇದೆ ಆ ಚಿತ್ರದ ಕೆಳಗೆ," ಎಂದರು ಗಣಿತದ ಮೇಷ್ಟ್ರು, ಲೆಕ್ಕ ಹಾಕಿ ಬಿಳಿಚಿಕೊಳ್ಳುತ್ತಾ. "ಹದಿಮೂರು ಜನಾನೂ ನೋಡಿ ನಕ್ಕಿದ್ದೀವಿ ಅಂತ ಈಗ ಮೇಡಮ್ಮಿಗೆ ಗೊತ್ತಾಯ್ತು."

ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸುತ್ತೇನೆ ಎಂದಿದ್ದ ಡ್ರಿಲ್ ಮೇಷ್ಟ್ರು ವಿಸಿಲ್ಲು ಒರೆಸುತ್ತಾ ಕಿಟಕಿಯ ಕಡೆ ತಿರುಗಿಕೊಂಡರು.

ಮೇಷ್ಟ್ರು ಮನೆ ಮುಟ್ಟಿದಾಗ ಅಮ್ಮ ವರಾಂಡದಲ್ಲಿ ಕೂತು ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಆವತ್ತಿನ ನ್ಯೂಸ್ ಪೇಪರಿನ ತಪ್ಪುಗಳಿಗೆ ಕೆಂಪು ಶಾಯಿ ಹಾಕುತ್ತಿದ್ದರು. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ ಆ ಅಭ್ಯಾಸ ಬಿಟ್ಟಿರಲಿಲ್ಲ.

"ಬಂತೇನೋ ಆರ್ಡರು?" ಎಂದರು ತಲೆಯೆತ್ತದೆ.

ಮೇಷ್ಟ್ರು ಚಪ್ಪಲಿ ಬಿಟ್ಟರು. ಜೋಡಿಸಿಟ್ಟರು. ಮತ್ತೆ ಜೋಡಿಸಿಟ್ಟರು.

"ಅಮ್ಮಾ, ನಾಳೆ ಹತ್ತು ಗಂಟೆಗೆ ಸ್ಕೂಲಿಗೆ ನೀನು ಬರಬೇಕಂತೆ."

ಕೆಂಪು ಪೆನ್ನು ನಿಂತಿತು. ಅಮ್ಮ ಕನ್ನಡಕದ ಮೇಲಿನಿಂದ ನಲವತ್ತೊಂದು ವರ್ಷದ ಮಗನನ್ನು, ಪ್ಯಾಂಟಿನ ಮೇಲಿನ ಟೀ ಕಲೆಯನ್ನು, ಬೆನ್ನ ಹಿಂದೆ ಬಚ್ಚಿಟ್ಟುಕೊಂಡ ಬಲಗೈಯನ್ನು ಒಂದಾದ ಮೇಲೊಂದರಂತೆ ನೋಡಿದರು.

"ಮತ್ತೆ ಗೀಚಿದ್ಯಾ?"

"ಹೂಂ."

"ಯಾರನ್ನ?"

"ಹೆಡ್‌ಮೇಡಮ್ಮನ್ನ."

"ಕೂತ್ಕೋ ಇಲ್ಲಿ," ಎಂದರು ಅಮ್ಮ, ಪೇಪರು ಪೆನ್ನು ಪಕ್ಕಕ್ಕಿಟ್ಟು, ಮೂವತ್ತು ವರ್ಷ ಹಳೆಯ ದನಿಯಲ್ಲಿ. ಆಮೇಲೆ ಶುರುವಾಯಿತು. ಎಷ್ಟು ಸಲ ಹೇಳಿದ್ದೆ ಎಂಬಲ್ಲಿಂದ ಹಿಡಿದು, ಮೂರನೇ ಕ್ಲಾಸಿನಲ್ಲಿ ಕಾಪಿ ಪುಸ್ತಕ ಹಾಳು ಮಾಡಿದ್ದು, ಐದನೇ ಕ್ಲಾಸಿನಲ್ಲಿ ಹಾಜರಿ ಪುಸ್ತಕದಲ್ಲಿ ಆಮೆ ಬರೆದಿದ್ದು, ಎಲ್ಲವೂ ತಾರೀಖಿನ ಸಮೇತ. ಮೇಷ್ಟ್ರು ತಲೆ ತಗ್ಗಿಸಿಕೊಂಡು, ಒಂದಕ್ಷರ ಬಿಡದೆ, ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದರು.

ಮಾತು ಮುಗಿಸಿ ಅಮ್ಮ ಪೇಪರು ಎತ್ತಿಕೊಂಡರು. ಅದರ ಅಂಚಿನಲ್ಲಿ, ಆಗತಾನೇ ಬರೆದ ಕೆಂಪು ಗೆರೆಗಳಲ್ಲಿ, ಮೂಗಿನ ತುದಿಗೆ ಕನ್ನಡಕ ಸಿಕ್ಕಿಸಿಕೊಂಡ ಒಂದು ಪ್ರೆಶರ್ ಕುಕ್ಕರು ಜೋರಾಗಿ ಸೀಟಿ ಹಾಕುತ್ತಿತ್ತು.